ಹಳೆಯ ಆಯಿಲ್ ಕೂಲರ್ ಇನ್ನು ವಾಪಸ್ ಹಾಕುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ರೀಬಿಲ್ಡ್ ಮಾಡಿದ (ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ) ಇಂಜಿನ್ ನಿಮ್ಮ ಟ್ರಕ್ಕಿಗೆ ಕೂರಿಸುವಾಗ ಹಳೆಯ ಆಯಿಲ್ ಕೂಲರ್ (ಇಂಜಿನ್ ಎಣ್ಣೆ ತಣಿಸುವ ಭಾಗ), ಅದರ ಹೋಸ್, ಇಂಜಿನ್ ಮೌಂಟ್ (ಇಂಜಿನ್ ಹೊತ್ತು ಹಿಡಿಯುವ ರಬ್ಬರ್ ಭಾಗ) ಇವು ಮೂರನ್ನೂ ಇನ್ನು ಮುಂದೆ ವಾಪಸ್ ಹಾಕುವುದಿಲ್ಲ. ಹೊಸದೇ ಹಾಕುತ್ತೇವೆ. ಮೊದಲ ಸ್ಟಾರ್ಟ್ ಕೂಡ ನಮ್ಮಲ್ಲೇ ಆಗಬೇಕು. ಇಂಜಿನ್ ಓಡಿಸಿ, ಎಣ್ಣೆ ಬದಲಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದ ಮೇಲೆಯೇ ಗಾಡಿ ಕೊಡುತ್ತೇವೆ. ಬಿಲ್ ಜಾಸ್ತಿ ಆಗುತ್ತದೆ, ಗಾಡಿ ಸಿಗುವುದೂ ಒಂದು ವಾರ ತಡ ಆಗುತ್ತದೆ. ಎರಡಕ್ಕೂ ಕ್ಷಮಿಸಿ.

ಈ ನಿಯಮ ಸುಮ್ನೆ ಬಂದದ್ದಲ್ಲ. ನಾವೇ ಕಟ್ಟಿ ಕೂರಿಸಿದ ಒಂದು 350 ಸ್ಮಾಲ್ ಬ್ಲಾಕ್ (ಷೆವರ್ಲೆಯ 350 ಘನ ಇಂಚಿನ ವಿ8 ಇಂಜಿನ್) ಕೆಲವೇ ದಿನಗಳಲ್ಲಿ ವಾಪಸ್ ಬಂತು. ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಬೀಳುತ್ತಿದೆ ಎಂದು ಗ್ರಾಹಕರು ಹೇಳಿದರು. ಫಿಲ್ಟರ್ ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದೆವು. ಮಡಿಕೆ ಮಡಿಕೆಯಲ್ಲೂ ಮಿಣಮಿಣ ಹೊಳಪು. ಮ್ಯಾಗ್ನೆಟ್ ಆಡಿಸಿದರೆ ಕೆಲವು ಚೂರು ಅಂಟಿದವು, ಕೆಲವು ಅಂಟಲಿಲ್ಲ. ಅಂಟದೇ ಉಳಿದದ್ದು ನಮ್ಮ ಹೊಸ ಬೇರಿಂಗಿನ ಲೋಹ. ಅಂಟಿದ ಕಬ್ಬಿಣದ ಚೂರು ಎಲ್ಲಿಯದು? ಹೊಸ ಕ್ಯಾಮ್ (ವಾಲ್ವ್ ತೆರೆಸುವ ದಂಡ) ತೆಗೆದು ನೋಡಿದರೆ ಒಂದು ಗೀರೂ ಇರಲಿಲ್ಲ. ಆಮೇಲೆ ಕೂಲರ್ ಕತ್ತರಿಸಿದೆವು. ಹಳೆಯ ಇಂಜಿನ್‌ನಲ್ಲಿ ಸವೆದುಹೋದ ಕ್ಯಾಮಿನ ಪುಡಿ ಅದರೊಳಗೆ ಕೆಸರಿನ ಹಾಗೆ ಕೂತಿತ್ತು.

ಆ ಕೂಲರ್ ತೊಳೆದು ವಾಪಸ್ ಹಾಕಿದವರು ನಾವೇ. ಗ್ರಾಹಕರು ಹೊಸದು ಬೇಡ ಎಂದರು ನಿಜ. ಆದರೆ ಬೇಡ ಎಂದಾಗ ಹಟ ಹಿಡಿಯಬೇಕಾದದ್ದು ನಮ್ಮ ಕೆಲಸ. ತಪ್ಪು ನಮ್ಮದೇ. ಆ ಇಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಪಾಲಿಶ್ ಮಾಡಿಸಿ, ಬೇರಿಂಗ್ ಹೊಸದು ಹಾಕಿ, ನಮ್ಮ ಖರ್ಚಿನಲ್ಲೇ ಮತ್ತೆ ಕೂರಿಸಿಕೊಟ್ಟೆವು.

ಈಗ ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿರುವ ಮಾತಿಗೆ ಬರುತ್ತೇವೆ. “ಮಾಡಿಸಲು ಕೊಟ್ಟದ್ದು ಇಂಜಿನ್. ಬಿಲ್ಲಿನಲ್ಲಿ ಕೂಲರ್, ಹೋಸ್, ಮೌಂಟ್, ಎರಡೆರಡು ಸಲ ಎಣ್ಣೆ ಯಾಕೆ?” ಈ ಮಾತು ನಮಗೆ ನೋವು ಕೊಟ್ಟಿದೆ. ಇವುಗಳಲ್ಲಿ ನಮಗೆ ಉಳಿಯುವುದು ಏನೂ ಇಲ್ಲ. ನಾವು ತರುವ ಬೆಲೆಗೇ ನಿಮ್ಮ ಬಿಲ್ಲಿಗೆ ಬರೆಯುತ್ತೇವೆ. ಅಂಗಡಿಯ ರಸೀದಿ ಬಿಲ್ಲಿನ ಜೊತೆಯಲ್ಲೇ ಇರುತ್ತದೆ, ತೆಗೆದು ನೋಡಿ.

ಕೂಲರ್ ತೊಳೆದರೆ ಸಾಲದಾ ಎಂದು ಕೇಳುತ್ತೀರಿ. ಸಾಲದು. ಒಳಗೆ ಸಣ್ಣ ಸಣ್ಣ ದಾರಿ, ಅದರೊಳಗೆ ತೆಳು ತಗಡಿನ ಮಡಿಕೆ. ಒಂದು ದಾರಿಯಲ್ಲಿ ಪುಡಿ ಕಟ್ಟಿಕೊಂಡರೆ ತೊಳೆಯಲು ಬಿಟ್ಟ ದ್ರವ ಪಕ್ಕದ ಸಲೀಸು ದಾರಿ ಹಿಡಿದು ಹೊರಗೆ ಬರುತ್ತದೆ. ನೋಡಿದವರಿಗೆ ಎಲ್ಲಾ ಶುದ್ಧ. ಆಮೇಲೆ ಬಿಸಿ ಎಣ್ಣೆ ಒತ್ತಡದಲ್ಲಿ ಹರಿದಾಗ ಆ ಪುಡಿ ಸಡಿಲವಾಗುತ್ತದೆ. ಆ ಗಾಡಿಯಲ್ಲಂತೂ ಎಣ್ಣೆ ಫಿಲ್ಟರ್ ದಾಟಿದ ಮೇಲೆ ಕೂಲರ್‌ಗೆ ಹೋಗಿ, ಅಲ್ಲಿಂದ ನೇರ ಬೇರಿಂಗಿಗೆ ಹೋಗುತ್ತಿತ್ತು. ನಡುವೆ ತಡೆಯುವವರು ಯಾರೂ ಇಲ್ಲ.

ಮೌಂಟ್ ವಿಷಯವೂ ಹೀಗೇ. ಎಣ್ಣೆ ಕುಡಿದು ಮೆತ್ತಗಾದ ರಬ್ಬರ್ ಹಳೆಯ ಸುಸ್ತಾದ ಇಂಜಿನ್ ಹೊತ್ತಿರಬಹುದು. ಶಕ್ತಿ ಜಾಸ್ತಿ ಇರುವ ಇಂಜಿನ್ ಆಕ್ಸಿಲರೇಟರ್ ಒತ್ತಿದ ಕ್ಷಣ ಎಡಗಡೆಯಿಂದ ಮೇಲಕ್ಕೆ ಏಳಲು ನೋಡುತ್ತದೆ. ಆ ಮೌಂಟ್ ಹರಿದರೆ ಫ್ಯಾನ್ ಹೋಗಿ ಅದರ ಕವರಿಗೆ ಬಡಿಯುತ್ತದೆ, ಥ್ರಾಟಲ್ ಲಿಂಕೇಜ್ (ಆಕ್ಸಿಲರೇಟರಿನ ಕಡ್ಡಿ) ಎಳೆದುಕೊಂಡು ಆಕ್ಸಿಲರೇಟರ್ ತೆರೆದೇ ನಿಂತುಬಿಡಬಹುದು. ರಸ್ತೆ ಮೇಲೆ ಹೀಗಾದರೆ ಗತಿ ಏನು?

ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿನ ಹಿಂಬದಿಗೆ ಕೂರುವ, ಇಂಜಿನ್ನನ್ನು ಗೇರ್‌ಬಾಕ್ಸಿಗೆ ಸೇರಿಸುವ ತಟ್ಟೆ) ಹೊಸದು ಯಾಕೆ ಎಂದು ಜಗಳವಾಡಿದವರೂ ಇದ್ದಾರೆ. 350ಯಲ್ಲಿ 1985ರವರೆಗೆ ಹಿಂಬದಿಯ ಮೇನ್ ಸೀಲ್ (ಕ್ರ್ಯಾಂಕಿನ ಹಿಂತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವುದು) ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಎರಡರ ಕ್ರ್ಯಾಂಕೂ ಬೇರೆ. ಹೊಸ ಮಾದರಿಯಲ್ಲಿ ಬ್ಯಾಲೆನ್ಸಿಗೆ ಬೇಕಾದ ತೂಕದ ಒಂದು ಭಾಗ ಫ್ಲೆಕ್ಸ್‌ಪ್ಲೇಟ್ ಮೇಲಿರುತ್ತದೆ. ಹಳೆಯ ಗಾಡಿಗೆ ಹೊಸ ಮಾದರಿಯ ಬ್ಲಾಕ್ ಬಂದಾಗ ನಿಮ್ಮ ಹಳೆಯ ಪ್ಲೇಟ್ ಉಪಯೋಗಕ್ಕೆ ಬರುವುದಿಲ್ಲ. ಇದು ನಾವು ಹುಟ್ಟಿಸಿದ ಖರ್ಚಲ್ಲ.

ತಡ ಯಾಕೆ ಎನ್ನುವುದನ್ನೂ ಹೇಳುತ್ತೇವೆ. ಇಂಜಿನ್ ಇಳಿಸಿ ಬೋಲ್ಟ್ ಬಿಗಿಯುವುದು ಬೇಗ ಮುಗಿಯುತ್ತದೆ. ಹೊತ್ತು ಹಿಡಿಯುವುದು ಅಳತೆ. ಗೇರ್‌ಬಾಕ್ಸಿಗೆ ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್ ಗೇರ್ ಗಾಡಿಯಲ್ಲಿ ಕ್ಲಚ್ ಬದಲಿಗಿರುವ ಭಾಗ) ಪೂರ್ತಿ ಒಳಗೆ ಕೂತಿರಬೇಕು. ಇಂಜಿನ್‌ಗೆ ಜೋಡಿಸಿದ ಮೇಲೆ ಫ್ಲೆಕ್ಸ್‌ಪ್ಲೇಟ್ ಕಡೆಗೆ ಅದನ್ನು ಎಳೆದರೆ 3ರಿಂದ 5 ಮಿಲಿಮೀಟರ್ ಮುಂದೆ ಬರಬೇಕು. ಜಾಗವೇ ಇಲ್ಲ ಎಂದರೆ ಅದು ಸರಿಯಾಗಿ ಕೂತಿಲ್ಲ. ಹಾಗೇ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸಿನ ಪಂಪ್ ಒಡೆದುಹೋಗುತ್ತದೆ. ಕೆಲವು ಟ್ರಕ್ಕುಗಳಲ್ಲಿ ಆಯಿಲ್ ಪ್ಯಾನ್ (ಇಂಜಿನ್ ಅಡಿಯ ಎಣ್ಣೆ ತಟ್ಟೆ) ಕ್ರಾಸ್‌ಮೆಂಬರಿಗೆ (ಚಾಸಿಯ ಅಡ್ಡಪಟ್ಟಿಗೆ) ತಾಗುತ್ತದೋ ಇಲ್ಲವೋ ಅದನ್ನೂ ನೋಡಬೇಕು. ಹೊಗೆ ಹೊರಹಾಕುವ ಹೆಡರ್ ಪೈಪ್ ಸ್ಟಾರ್ಟರ್ ಪಕ್ಕದಲ್ಲೇ ಹಾದುಹೋದರೆ ಶಾಖ ತಡೆಯುವ ಕವಚ ಹಾಕಬೇಕು.

ಇನ್ನು ಮೊದಲ ಸ್ಟಾರ್ಟ್. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಹಂಚುವ ಭಾಗ) ಹಾಕುವ ಮೊದಲು ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ, ವಾಲ್ವ್ ಒತ್ತುವ ಎಲ್ಲಾ 16 ರಾಕರ್‌ಗಳಲ್ಲೂ ಎಣ್ಣೆ ಬರುವವರೆಗೆ ಕಾಯುತ್ತೇವೆ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ಕ್ಯಾಮ್ ಮೇಲೆ ಕೂರುವ ಲಿಫ್ಟರ್ ಎಂಬ ತುಂಡು ಉರುಳದೆ ಉಜ್ಜುವ ಬಗೆ) ಇದ್ದರೆ ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ 20ರಿಂದ 30 ನಿಮಿಷ ಓಡಿಸುತ್ತೇವೆ. ಐಡ್ಲಿಂಗಿಗೆ ಬಿಡುವುದೇ ಇಲ್ಲ. ಕ್ಯಾಮ್ ಮತ್ತು ಲಿಫ್ಟರಿಗೆ ಎಣ್ಣೆ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್ ಎರಚುವುದರಿಂದ. ನಿಧಾನ ತಿರುಗಿದರೆ ಆ ಎರಚಲು ಸಾಕಾಗುವುದಿಲ್ಲ. ಎಣ್ಣೆಯೂ ಸವೆತ ತಡೆಯುವ ಸತು, ರಂಜಕ ಸಾಕಷ್ಟು ಇರುವ ಬ್ರೇಕ್-ಇನ್ (ಹೊಸ ಇಂಜಿನ್ ಮೊದಲ ಸಲ ಓಡಿಸಲು ಹಾಕುವ) ಎಣ್ಣೆಯೇ ಆಗಬೇಕು. 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಲ್ಲಿ 5ಡಬ್ಲ್ಯು-30ಯಂಥ ಎಣ್ಣೆಗಳ ರಂಜಕವನ್ನು ಶೇಕಡಾ 0.08ಕ್ಕೆ ಇಳಿಸಿದರು. ಹೊಸ ಗಾಡಿಗೆ ಅದು ಚೆನ್ನಾಗಿದೆ, ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮಿಗೆ ಸಾಲದು. ಓಡಿಸಿದ ಮೇಲೆ ಆ ಎಣ್ಣೆ ಚೆಲ್ಲಿ ಫಿಲ್ಟರ್ ಕತ್ತರಿಸುತ್ತೇವೆ. ಎರಡನೇ ಸಲದ ಎಣ್ಣೆ ಬಿಲ್ಲಿಗೆ ಬರುವುದು ಇದರಿಂದ.

ಈಗಾಗಲೇ ಇಂಜಿನ್ ಕೊಟ್ಟು ಕಾಯುತ್ತಿರುವವರಿಗೆ ಹಳೆಯ ಮಾತೇ ನಡೆಯುತ್ತದೆ. ನಿಮ್ಮ ಮೊತ್ತ ಬದಲಾಗುವುದಿಲ್ಲ, ಕೂಲರ್ ಹೊಸದೇ ಹಾಕುತ್ತೇವೆ, ವ್ಯತ್ಯಾಸ ನಾವು ಭರಿಸುತ್ತೇವೆ. ಹಿಂದೆ ನಮ್ಮಿಂದ ಹಳೆಯ ಕೂಲರ್ ಜೊತೆಯೇ ಇಂಜಿನ್ ಕೂರಿಸಿಕೊಂಡು ಹೋದವರು ಗಾಡಿ ತನ್ನಿ. ಫಿಲ್ಟರ್ ಬಿಚ್ಚಿ, ನಿಮ್ಮ ಮುಂದೆಯೇ ಕತ್ತರಿಸಿ ತೋರಿಸುತ್ತೇವೆ. ಹೊಸ ಫಿಲ್ಟರ್, ಎಣ್ಣೆ ನಮ್ಮ ಲೆಕ್ಕ. ನಿಮ್ಮ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಗುವ ದಿನ ಫೋನ್ ಮಾಡುತ್ತೇವೆ. ಬಂದು ಪಕ್ಕದಲ್ಲಿ ನಿಂತು ನೋಡಿ, ಆಯಿಲ್ ಗೇಜ್ ನಿಮ್ಮ ಕಣ್ಣೆದುರೇ ಇರಲಿ.

ಇಂತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ