ಏಡಿಯ ಲೆಕ್ಕ ಬಂದರಿನ ತೂಕದಲ್ಲಿ ಮುಗಿಯಬಾರದು

ಮಾನ್ಯ ಸಂಪಾದಕರೇ,

ಬಂದರಿಗೆ ಬಂದ ಏಡಿಯ ತೂಕ ಕಳೆದ ವರ್ಷದಷ್ಟೇ ಇದೆಯೆಂದ ಮಾತ್ರಕ್ಕೆ ಕಡಲಿನೊಳಗಿನ ಸಂತತಿ ಕ್ಷೇಮವಾಗಿದೆಯೆಂದು ನಂಬುವಂತಿಲ್ಲ. ದೋಣಿಗಳೂ ಬಲೆ ಎಳೆಯುವ ಗಂಟೆಗಳೂ ಹೆಚ್ಚಿದರೆ, ಕ್ಷೀಣಿಸುತ್ತಿರುವ ಸಂತತಿಯಿಂದಲೂ ಕೆಲಕಾಲ ಅದೇ ತೂಕ ಸಿಗುತ್ತದೆ. ಮೀನಿನ ವಯಸ್ಸನ್ನು ಅದರ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಮೂಡುವ ಬಳೆಯಾಕಾರದ ಗೆರೆಗಳಿಂದ ಎಣಿಸಬಹುದು. ಬೆಳೆದಂತೆಲ್ಲ ಚಿಪ್ಪು ಕಳಚುವ ಏಡಿಯಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಚಿಪ್ಪಿನ ಅಗಲ, ಮೊಟ್ಟೆ ಹೊತ್ತ ಹೆಣ್ಣುಗಳ ಪಾಲು ಮತ್ತು ಪ್ರತಿ ಗಂಟೆಯ ದುಡಿಮೆಗೆ ಸಿಕ್ಕ ಏಡಿಯ ಪ್ರಮಾಣವನ್ನು ವರ್ಷಾನುಗಟ್ಟಲೆ ಬರೆದಿಡಬೇಕಾಗುತ್ತದೆ.

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 1990ರಿಂದ ಪ್ರತಿ ಚಳಿಗಾಲ, ಏಡಿಗಳು ಕೆಸರಿನಲ್ಲಿ ಹುದುಗಿರುವಾಗ, ಸುಮಾರು 1,500 ಕಡೆ ತಳ ಬಾಚಿ ಅವುಗಳನ್ನು ಎಣಿಸುತ್ತಾರೆ. ಸಂತತಿ ಕುಸಿದದ್ದು ಕಂಡು 2008ರಲ್ಲಿ ಹೆಣ್ಣು ಏಡಿ ಹಿಡಿಯುವುದಕ್ಕೆ ಬಿಗಿ ಮಿತಿ ಹಾಕಲಾಯಿತು. ನಮ್ಮ ಬೆಚ್ಚನೆಯ ಕಡಲಿಗೆ ಆ ವಿಧಾನ ಒಗ್ಗದು. ಆದರೆ ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಲ್ಲಿ ಜೂನ್–ಜುಲೈ ನಿಷೇಧ ಮುಗಿದ ದಿನದಿಂದಲೇ ಏಡಿಗಳನ್ನು ಅಳೆದು, ಹೆಣ್ಣು–ಗಂಡು ಬೇರ್ಪಡಿಸಿ ದಾಖಲಿಸಿದ ಅಂಕಿಗಳನ್ನು ಮೀನುಗಾರರಿಗೆ ಕನ್ನಡದಲ್ಲೇ ಒದಗಿಸುವುದು ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೆ, ಮೊಟ್ಟೆ ಹೊತ್ತ ಹೆಣ್ಣು ಏಡಿ ಬಲೆಗೆ ಬಿದ್ದರೆ ಜೀವಂತವಾಗಿ ನೀರಿಗೆ ಮರಳಿ ಬಿಡಬೇಕೆಂದು ನನ್ನ ಕಳಕಳಿಯ ವಿನಂತಿ.

– ಓರ್ವ ಓದುಗ, ಕುಂದಾಪುರ