ಪೊಲೀಸ್ ಫ್ರೀಕ್ವೆನ್ಸಿ ಬೇಡ, ಘಾಟಿಯ ಸುದ್ದಿ ಕೊಡಿ

ಮಾನ್ಯರೇ,

ಮೂಡಿಗೆರೆಯಲ್ಲಿ ಮೂವತ್ತು ವರ್ಷ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು ನಾನು. ಹೋದ ತಿಂಗಳು ಮೊಮ್ಮಗ ಆನ್‌ಲೈನಿನಲ್ಲಿ ಒಂದು ವಾಕಿಟಾಕಿ ತರಿಸಿದ. ಸ್ಕ್ಯಾನ್ ಬಟನ್ ಒತ್ತಿದರೆ ಎಲ್ಲ ಸ್ಟೇಷನ್ನೂ ತಾನೇ ಹುಡುಕುತ್ತದಂತೆ. "ಅಜ್ಜ, ನಮ್ಮೂರ ಪೊಲೀಸರ ಫ್ರೀಕ್ವೆನ್ಸಿ ಎಷ್ಟು ಹೇಳಿ" ಅಂತ ಬೆನ್ನು ಹತ್ತಿದ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಅಮೆರಿಕದಲ್ಲಿ ಜನ ಅಡುಗೆಮನೆಯಲ್ಲೇ ಸ್ಕ್ಯಾನರ್ ಇಟ್ಟುಕೊಂಡು ಪೊಲೀಸರ ಮಾತು ಕೇಳುವುದನ್ನು ಅವನು ವಿಡಿಯೊದಲ್ಲಿ ನೋಡಿದ್ದಾನೆ. ನಿಜ, ಅಲ್ಲಿ ಬಹಳ ಕಡೆ ಅದಕ್ಕೆ ಅಡ್ಡಿಯಿಲ್ಲ. ಆದರೆ ನ್ಯೂಯಾರ್ಕ್ ಪೊಲೀಸರೂ 2023ರಿಂದ ಹೊರಗಿನವರಿಗೆ ಕೇಳಿಸದ ಹಾಗೆ ಮಾಡತೊಡಗಿದ್ದಾರೆ. ನಮ್ಮಲ್ಲಂತೂ ಕಾನೂನೇ ಬೇರೆ. ನಮ್ಮ ಅಪ್ಪ ವಾಲ್ವ್ ರೇಡಿಯೊಗೂ ವರ್ಷಾವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದರು. ಆ ಲೈಸೆನ್ಸ್ ಹೋಯಿತು, ವೈರ್‌ಲೆಸ್ ಸೆಟ್ಟಿನದು ಹೋಗಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ವಾಕಿಟಾಕಿ ಅಂದರೆ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ, ಕಡಿಮೆ ಶಕ್ತಿಯ ಸೆಟ್ಟು. ಇವನದು 136ರಿಂದ 174ರವರೆಗೂ ಓಡುತ್ತಿತ್ತು! ಮಾರಿದವರು ಪೆಟ್ಟಿಗೆ ಮೇಲೆ ಒಂದಕ್ಷರ ಎಚ್ಚರಿಕೆ ಹಾಕಿರಲಿಲ್ಲ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಬೇರೆಯವರ ಸಂದೇಶ ಕದ್ದು ಕೇಳಿದರೆ ಮೂರು ವರ್ಷದವರೆಗೆ ಜೈಲಿದೆ. ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು?

ಕಾನೂನು ಆಚೆಗಿರಲಿ. ಎಷ್ಟೋ ವರ್ಷದ ಹಿಂದೆ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಿದ್ದೆ. ಪಕ್ಕದಲ್ಲೇ ನಿಂತಿದ್ದ ಪೊಲೀಸ್ ಜೀಪಿನ ವೈರ್‌ಲೆಸ್‌ನಲ್ಲಿ ಒಂದು ಅಪಘಾತದ ಸುದ್ದಿ ಬಂತು, ಹೆಸರು ಸಮೇತ. ನನ್ನ ಗಿರಾಕಿಯೊಬ್ಬರ ಮಗ. ಹತ್ತು ನಿಮಿಷದ ನಂತರ ಅದೇ ಗಿರಾಕಿ ನಗುನಗುತ್ತಾ ಅಂಗಡಿಗೆ ಬಂದು, ರೇಡಿಯೊ ರಿಪೇರಿ ಆಯ್ತಾ ಅಂತ ಕೇಳಿದರು. ನನಗೆ ಬಾಯೇ ಬರಲಿಲ್ಲ. ಅಂಥದ್ದನ್ನು ಮನೆಮನೆಯಲ್ಲೂ ಕೇಳುವುದು ನನಗೆ ಒಪ್ಪಿಗೆಯಿಲ್ಲ.

ಹಾಗಂತ ಮೊಮ್ಮಗನನ್ನು ಬೈಯಲೂ ಮನಸ್ಸು ಬರಲಿಲ್ಲ. ಅವನಿಗೆ ಬೇಕಿದ್ದದ್ದು ಕಳ್ಳರ ಸುದ್ದಿಯಲ್ಲ. ಹೋದ ಮಳೆಗಾಲ ಅವನಪ್ಪ ಉಜಿರೆಯಿಂದ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ರಾತ್ರಿ ನಾಲ್ಕು ತಾಸು ಸಿಕ್ಕಿಹಾಕಿಕೊಂಡಿದ್ದ. ಫೋನಿಗೆ ಸಿಗ್ನಲ್ ಇಲ್ಲ. ವಾಟ್ಸಾಪಿನಲ್ಲಿ ಓಡಾಡುತ್ತಿದ್ದದ್ದು 2019ರಲ್ಲಿ ಘಾಟಿ ಕುಸಿದಾಗಿನ ಫೋಟೊ. ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. "ಪೊಲೀಸರಿಗೆ ಎಲ್ಲ ಗೊತ್ತಿರುತ್ತಲ್ಲ ಅಜ್ಜ" ಎಂದ ಹುಡುಗನ ಮಾತು ಸುಳ್ಳಲ್ಲ, ಅಲ್ವಾ?

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನ ವಿನಂತಿ: ಮಳೆಗಾಲದ ನಾಲ್ಕು ತಿಂಗಳು ಚಾರ್ಮಾಡಿ, ಶಿರಾಡಿ ಘಾಟಿಗಳ ಸ್ಥಿತಿಯನ್ನು ಆಕಾಶವಾಣಿ ಹಾಸನದ 102.2ರಲ್ಲಿ ಗಂಟೆಗೊಮ್ಮೆ ಹೇಳಿಸಿ. ಎರಡು ವಾಕ್ಯ ಸಾಕು. ಎಫ್‌ಎಂ ಸಿಗದ ಕಡೆಯವರಿಗೆ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದಲ್ಲಿ ಒಂದು ಬೋರ್ಡ್ ಹಾಕಿ. ನೀರುದೋಸೆಗೆ ಗಾಡಿ ನಿಲ್ಲಿಸುವವರು ಹೇಗೂ ಓದುತ್ತಾರೆ.

ವಾಕಿಟಾಕಿ ವಾಪಸ್ ಹೋಯಿತು, ದುಡ್ಡು ಇನ್ನೂ ಬಂದಿಲ್ಲ. ಹುಡುಗ ಈಗ ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ವೈರ್‌ಲೆಸ್‌ನಲ್ಲಿ ಮಾತಾಡುವವರ ಪರೀಕ್ಷೆಗೆ ಓದುತ್ತಿದ್ದಾನೆ. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಓಮ್‌ನ ನಿಯಮ ಹೇಳಿಕೊಡುವ ಕೆಲಸ ನನಗೆ ಬಿದ್ದಿದೆ.

– ಹಳೇ ರೇಡಿಯೊ ರಿಪೇರಿಯವನು, ಮೂಡಿಗೆರೆ