ಬುಲೆಟ್ ರೈಲು ಆಮೇಲಾಯಿತು, ಮೊದಲು ಕ್ರಾಸಿಂಗ್ ಮುಗಿಸಿ

ಮಾನ್ಯ ಸಂಪಾದಕರೇ,

ಬುಧವಾರ ನಿಮ್ಮ ಮುಖಪುಟದಲ್ಲಿ ಬುಲೆಟ್ ರೈಲಿನ ಬಣ್ಣದ ಚಿತ್ರ ಬಂದಿತ್ತಲ್ಲ, ಅದನ್ನು ನಾನು ನೋಡಿದ್ದು ರೈಲಿನಲ್ಲೇ ಕೂತು. ನಿಂತ ರೈಲಿನಲ್ಲಿ. ಬೀರೂರು ದಾಟಿದ ಮೇಲೆ ಸಿಗುವ ಒಂದು ಸಣ್ಣ ಸ್ಟೇಷನ್ನಿನಲ್ಲಿ ಬರೋಬ್ಬರಿ ಒಂದು ಗಂಟೆ ಹತ್ತು ನಿಮಿಷ! ಕೇಳಿದರೆ ‘ಕ್ರಾಸಿಂಗ್ ಇದೆ ಸಾರ್’. ಇರುವುದು ಒಂದೇ ಹಳಿ, ಎದುರಿನ ಗಾಡಿ ದಾಟಿಹೋಗುವವರೆಗೆ ನಾವು ನಿಲ್ಲಬೇಕು. ಎದುರಿನಿಂದ ಒಂದು ಗಾಡಿ ಬಂತು. ಇನ್ನೇನು ಹೊರಟೆವು ಅಂತ ಎಲ್ಲರೂ ಕಾಲು ಮಡಚಿ ಕೂತರೆ, ಮತ್ತೊಂದು ಬಂತು.

ಆ ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ವೇಗ ಗಂಟೆಗೆ 320 ಕಿ.ಮೀ. ಅಂತೆ. ನಾನು ಗಣಿತದ ಮೇಷ್ಟ್ರಾಗಿದ್ದವನು, ಲೆಕ್ಕ ಹಾಕದೆ ಇರಲಾಗುವುದಿಲ್ಲ. ನಾವು ನಿಂತಿದ್ದ ಹೊತ್ತಿನಲ್ಲಿ ಆ ರೈಲು ಶಿವಮೊಗ್ಗದಿಂದ ಬೆಂಗಳೂರಿನ 274 ಕಿ.ಮೀ. ಮುಗಿಸಿ, ವಾಪಸು ತುಮಕೂರನ್ನೂ ದಾಟಿರುತ್ತಿತ್ತು. ಈ ಲೆಕ್ಕವನ್ನು ಮನೆಯವಳಿಗೆ ಹೇಳಿದೆ. ಬೆಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವಳು ಇನ್ನೊಂದು ಕಣ್ಣಲ್ಲಿ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಶಿವಮೊಗ್ಗ ಮುಟ್ಟುವಾಗ ತೀರ್ಥಹಳ್ಳಿಯ ಕೊನೇ ಬಸ್ಸು ಹೋಗಿಯಾಗಿತ್ತು. ಕಾರಿನವನು ಕೇಳಿದ ಬಾಡಿಗೆಗೆ ಇನ್ನೊಂದು ಕಣ್ಣಿನ ಆಪರೇಷನ್ನೂ ಆಗುತ್ತಿತ್ತು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಸೊಳ್ಳೆಗಳ ಜೊತೆ ಬೆಳಗು ಮಾಡಿದೆವು. ಅಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ನಮ್ಮ ತೋಟಕ್ಕೆ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ಬರುವವನಿದ್ದ. ಬಂದ, ಎಂಟರವರೆಗೆ ಕಾದ, ಪಕ್ಕದವರ ತೋಟಕ್ಕೆ ನಡೆದ. ಈ ಕಾಲದಲ್ಲಿ ಕೊನೆಗಾರ ಕೈತಪ್ಪಿದರೆ ಏನಾಗುತ್ತದೆಂದು ಅಡಿಕೆ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊನೆ ಹಣ್ಣಾಗಿ ಉದುರುತ್ತಿದೆ. ಆ ನಷ್ಟವನ್ನು ಯಾವ ಕೌಂಟರಿನಲ್ಲಿ ಕೇಳಲಿ?

ಬುಲೆಟ್ ರೈಲಿನ 508 ಕಿ.ಮೀ.ಗೆ ಮೊದಲ ಅಂದಾಜೇ 1.08 ಲಕ್ಷ ಕೋಟಿ ರೂಪಾಯಿ. 2017ರಲ್ಲಿ ಶಂಕುಸ್ಥಾಪನೆಯಾಯಿತು. ‘ಜಪಾನ್ ಸಾಲ ಮೇಷ್ಟ್ರೇ, ಬಡ್ಡಿ ಬರೀ ಶೇ 0.1, ಐವತ್ತು ವರ್ಷ ಅವಧಿ’ ಎಂದು ನಮ್ಮೂರಿನ ಹುಡುಗನೊಬ್ಬ ಪಾಠ ಹೇಳಿದ. ಬಡ್ಡಿ ಕಡಿಮೆ ಅಂದಮಾತ್ರಕ್ಕೆ ಅಸಲು ಬಿಟ್ಟುಬಿಡುತ್ತಾರೇನಪ್ಪ? ಅದೂ ಯೆನ್ನಿನಲ್ಲಿ ತೀರಿಸಬೇಕು. ಜಪಾನಿನವರು 1964ರಲ್ಲೇ ಇಂಥ ರೈಲು ಓಡಿಸಿದರು, ಒಪ್ಪೋಣ. ಅವರು ಆ ರೈಲಿಗೆಂದೇ ಬೇರೆ ಹಳಿ ಹಾಕಿದರು. ನಮಗೆ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಹೋಗುವುದಕ್ಕೂ ಬರುವುದಕ್ಕೂ ಇವತ್ತಿಗೂ ಒಂದೇ ಹಳಿ.

ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಅಂತ ಕೇಳುತ್ತಲೇ ನನ್ನ ತಲೆ ನೆರೆಯಿತು. ಸರ್ವೆ ಮಾತ್ರ ನಡೆಯುತ್ತದೆ. ಸರ್ವೆ ಎಂದಾಗ ನೆನಪಾಯಿತು, ನನ್ನ ಪಹಣಿಯಲ್ಲಿ ಒಂದಕ್ಷರ ತಿದ್ದಿಸಲು ಹನ್ನೊಂದು ತಿಂಗಳು ಅಲೆದಿದ್ದೇನೆ. ಸಾಹೇಬರು ಯಾವಾಗಲೂ ‘ಮೀಟಿಂಗ್‌ನಲ್ಲಿದ್ದಾರೆ’. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು, ಸಂತೋಷ. ಸಾಹೇಬರುಗಳು ಈಗ ತಲೆಯ ಮೇಲೇ ಹಾರಿಹೋಗುತ್ತಾರೆ, ಕ್ರಾಸಿಂಗ್ ಅಂದರೇನೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಈ ಬುಲೆಟ್ ರೈಲಿನ ದುಂದುವೆಚ್ಚ ಕೂಡಲೇ ನಿಲ್ಲಲಿ. ನಿಲ್ಲಿಸುವುದಿಲ್ಲ ಎಂದಾದರೆ ಮಲೆನಾಡಿಗೂ ಒಂದು ಬರಲಿ, ನಾವೇನು ಟಿಕೆಟ್ ತೆಗೆದುಕೊಳ್ಳದೆ ಓಡಾಡುವವರೇ? ಅದೂ ಆಗದಿದ್ದರೆ, ರೈಲು ತಡವಾದ ದಿನ ತೀರ್ಥಹಳ್ಳಿ ಬಸ್ಸನ್ನಾದರೂ ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಸಂಬಂಧಪಟ್ಟವರು ಗಮನಿಸಬೇಕು ಅಂತ ಬರೆಯಬೇಕಂತೆ, ಬರೆದಿದ್ದೇನೆ. ಅವರು ಯಾವತ್ತು ಏನನ್ನು ಗಮನಿಸಿದ್ದಾರೋ ದೇವರಿಗೇ ಗೊತ್ತು.

– ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ತಾಲ್ಲೂಕು